ಕಪ್ಪೆ ತೂಗುವ ಸಮಿತಿ

ಬಡ್ತಿ ಸಮಿತಿಯ ಸದಸ್ಯನಾಗುವ ಭಾಗ್ಯ ನನಗೊಮ್ಮೆ ಒದಗಿ ಬಂದಿತ್ತು. ಯಾವ ಸಂಸ್ಥೆ ಎಂಬುದು ಮುಖ್ಯವಲ್ಲ. ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ ಅದೇ ಉದ್ದನೆಯ ಮೇಜು, ಅದೇ ನೀರಿನ ಬಾಟಲಿಗಳು, ಅದೇ ನಮೂನೆ. ಸಭೆಯ ಆರಂಭದಲ್ಲಿ ಅಧ್ಯಕ್ಷರು ಜ್ಞಾನದ ವೈವಿಧ್ಯದ ಬಗ್ಗೆ ಹತ್ತು ನಿಮಿಷ ಮಾತನಾಡಿದರು. ಕಣಭೌತಶಾಸ್ತ್ರದಿಂದ ಕಾವ್ಯಮೀಮಾಂಸೆಯವರೆಗೆ, ಪಾಚಿಯ ವಂಶವಾಹಿಯಿಂದ ಸತ್ತ ಭಾಷೆಗಳ ವ್ಯಾಕರಣದವರೆಗೆ ಹಬ್ಬಿರುವ ಸಂಶೋಧನೆಯೆಂಬ ತೋಟದಲ್ಲಿ ಪ್ರತಿಯೊಂದು ಹೂವಿಗೂ ಅದರದೇ ಬಣ್ಣ, ಅದರದೇ ಪರಿಮಳ ಇದೆಯೆಂದು ಹೇಳಿ, ಕನ್ನಡಕ ಒರೆಸಿಕೊಂಡು, ಆ ಎಲ್ಲ ಹೂಗಳನ್ನೂ ತೂಗುವುದಕ್ಕೆ ಒಂದೇ ತಕ್ಕಡಿಯನ್ನು ಮೇಜಿನ ಮೇಲಿಟ್ಟರು. ತಕ್ಕಡಿಯ ಹೆಸರು ‘ನಮೂನೆ 7’.

ನಮೂನೆಯಲ್ಲಿ 24 ಅಂಕಣಗಳಿದ್ದವು. ಪ್ರಕಟವಾದ ಲೇಖನಗಳೆಷ್ಟು, ಅವು ಬಂದ ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು, ಅಭ್ಯರ್ಥಿಯ ಎಚ್-ಇಂಡೆಕ್ಸ್ ಎಷ್ಟು, ಪೇಟೆಂಟ್ ಎಷ್ಟು, ಪ್ರಯೋಗಾಲಯದ ವಿಸ್ತೀರ್ಣವೆಷ್ಟು, ಬಳಸಿದ ಉಪಕರಣಗಳಾವುವು, ಫಲಾನುಭವಿಗಳು ಎಷ್ಟು ಮಂದಿ, ಇತ್ಯಾದಿ. ಸಂಶೋಧನೆ ಯಾವುದರ ಬಗ್ಗೆ ಎಂಬ ಪ್ರಶ್ನೆಗೂ ಒಂದು ಅಂಕಣವಿತ್ತು. ಅದರ ಅಗಲ ಎರಡು ಬೆರಳಿನಷ್ಟು, ಅದಕ್ಕೆ ಅಂಕಗಳಿರಲಿಲ್ಲ.

ಮೊದಲು ಒಳಬಂದವರು ಒಬ್ಬ ಗಣಿತಜ್ಞರು. ಉಪಕರಣಗಳ ಅಂಕಣದಲ್ಲಿ ಅವರು ‘ಪೆನ್ಸಿಲ್’ ಎಂದಷ್ಟೇ ಬರೆದಿದ್ದರು. ಖರೀದಿಯ ರಸೀದಿಯನ್ನು ಲಗತ್ತಿಸಿಲ್ಲವೆಂದು ಲೆಕ್ಕಪತ್ರ ವಿಭಾಗದ ಪ್ರತಿನಿಧಿ ಆಕ್ಷೇಪಿಸಿದರು. ಅವರ ಬೆನ್ನಿಗೇ ಬಂದವರು ಹತ್ತೊಂಬತ್ತು ವರ್ಷಗಳಿಂದ ಒಂದು ಪ್ರಾಚೀನ ಭಾಷೆಯ ನಿಘಂಟಿನಲ್ಲಿ ಮುಳುಗಿದ್ದ ವಿದ್ವಾಂಸೆ. ಪ್ರಯೋಗಾಲಯದ ವಿಸ್ತೀರ್ಣ ಎಂಬಲ್ಲಿ ಅವರು ‘ಒಂದು ಮೇಜು, ಕಿಟಕಿಯ ಪಕ್ಕ’ ಎಂದು ದುಂಡಾದ ಅಕ್ಷರಗಳಲ್ಲಿ ತುಂಬಿದ್ದರು. ಅಧ್ಯಕ್ಷರು ಫಲಾನುಭವಿಗಳ ಅಂಕಣದ ಮೇಲೆ ಪೆನ್ನಿಟ್ಟುಕೊಂಡು ಕೇಳಿದರು:

‘ಮೇಡಂ, ಈ ಭಾಷೆಯನ್ನು ಈಗ ಎಷ್ಟು ಜನ ಮಾತನಾಡುತ್ತಾರೆ?’

‘ಯಾರೂ ಇಲ್ಲ ಸರ್. ಆಡುವವರು ಇಲ್ಲವಾಗಿ ಎರಡು ಸಾವಿರ ವರ್ಷವಾಯಿತು.’

‘ಹಾಗಾದರೆ ಸೊನ್ನೆ ಎಂದು ಬರೆದುಕೊಳ್ಳಲೆ?’

ಸಹಾನುಭೂತಿಯುಳ್ಳ ಸದಸ್ಯರೊಬ್ಬರು, ತೀರಿಹೋದವರನ್ನು ಫಲಾನುಭವಿಗಳೆಂದು ಪರಿಗಣಿಸಲು ನಿಯಮದಲ್ಲಿ ಅವಕಾಶವಿದೆಯೆ ಎಂದು ವಿಚಾರಿಸಿದರು. ಇರಲಿಲ್ಲ.

ನಿಘಂಟಿನ ಕೆಲಸವನ್ನು ತೂಗುವುದಕ್ಕೆ ಈ ತಕ್ಕಡಿಯಲ್ಲಿ ಕಲ್ಲೇ ಇಲ್ಲ. ಯಾಕೋಬ್ ಮತ್ತು ವಿಲ್‌ಹೆಲ್ಮ್ ಗ್ರಿಮ್ ಸಹೋದರರು ಜರ್ಮನ್ ನಿಘಂಟಿಗೆ ಕೈಹಾಕಿದ್ದು 1838ರಲ್ಲಿ. ಮೊದಲ ಸಂಪುಟ ಹೊರಬಂದದ್ದು 1854ರಲ್ಲಿ. ಕೆಲಸ ಪೂರ್ಣಗೊಂಡದ್ದು 1961ರಲ್ಲಿ. ಯಾಕೋಬ್ 1863ರಲ್ಲಿ ಕಣ್ಣುಮುಚ್ಚಿದಾಗ ಅವರ ಕೈಯಲ್ಲಿದ್ದ ಪದ ‘ಫ್ರುಖ್ಟ್’, ಎಂದರೆ ಫಲ. ಫಲದವರೆಗೆ ಬಂದೂ ಫಲಾನುಭವಿಗಳ ಪಟ್ಟಿ ಸಲ್ಲಿಸದೆ ಹೊರಟುಹೋದ ಈ ಮನುಷ್ಯನಿಗೆ ನಮ್ಮ ಸಮಿತಿ ಬಡ್ತಿಯಿರಲಿ, ಗ್ರಂಥಾಲಯದ ಕಾರ್ಡನ್ನೂ ನವೀಕರಿಸುತ್ತಿರಲಿಲ್ಲ. ಪ್ರಾಚೀನ ಮೆಸೊಪೊಟೇಮಿಯಾದ ಭಾಷೆಗಾಗಿ ಶಿಕಾಗೊ ವಿಶ್ವವಿದ್ಯಾಲಯ ಹೊರತಂದ ಅಸ್ಸೀರಿಯನ್ ನಿಘಂಟಂತೂ 1921ರಲ್ಲಿ ಶುರುವಾಗಿ, ತೊಂಬತ್ತು ವರ್ಷ ನಡೆದು, 21 ಸಂಪುಟಗಳಾಗಿ 2011ರಲ್ಲಿ ಮುಗಿಯಿತು.

ಮಾನವಿಕ ವಿಭಾಗದವರ ನಿಧಾನವನ್ನು ಕಂಡು ನಗುವ ವಿಜ್ಞಾನಿಗಳು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗಾಜಿನ ಆಲಿಕೆಯೊಂದನ್ನು ನೋಡಿಬರಬೇಕು. ಸುತ್ತಿಗೆಯಿಂದ ಹೊಡೆದರೆ ಚೂರಾಗುವ, ಡಾಂಬರಿನ ಜಾತಿಯ ‘ಪಿಚ್’ ಎಂಬ ವಸ್ತು ನಿಜಕ್ಕೂ ದ್ರವವೆಂದು ತೋರಿಸಲು 1927ರಲ್ಲಿ ಅಲ್ಲಿ ಒಂದು ಪ್ರಯೋಗ ಹೂಡಿದರು. ಒಂಬತ್ತನೆಯ ಹನಿ ಬಿದ್ದದ್ದು 2014ರಲ್ಲಿ. ಆ ಪ್ರಯೋಗದ ಉಸ್ತುವಾರಿ ಹೊತ್ತವರು ನಮ್ಮ ಸಂಸ್ಥೆಯಲ್ಲಿದ್ದಿದ್ದರೆ ಮೂರು ತಿಂಗಳಿಗೊಮ್ಮೆ ಪ್ರಗತಿ ವರದಿ ಸಲ್ಲಿಸಬೇಕಾಗುತ್ತಿತ್ತು: ‘ಹನಿ ಇನ್ನೂ ಬಿದ್ದಿಲ್ಲ. ಅನುದಾನವನ್ನು ಮುಂದುವರಿಸಲು ಕೋರಿದೆ.’

ತಕ್ಕಡಿ ಮಾಡಿದವರನ್ನು ದೂರುವಂತಿಲ್ಲ. ಅಮೆರಿಕದ ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಉಲ್ಲೇಖಗಳ ಸೂಚಿಯೊಂದನ್ನು ಮಾಡಬೇಕೆಂದು ಪ್ರಸ್ತಾಪಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು, ಒಂದು ಲೇಖನವನ್ನು ಆಮೇಲೆ ಯಾರು ಯಾರು ಬಳಸಿದರು, ಯಾರು ತಪ್ಪೆಂದು ತೋರಿಸಿದರು ಎಂದು ಹುಡುಕುವ ಸಭ್ಯವಾದ ಕೆಲಸ. ಆ ಬೀಜದಿಂದ ಮೊಳೆತ ಇಂಪ್ಯಾಕ್ಟ್ ಫ್ಯಾಕ್ಟರ್ ಜರ್ನಲ್‌ಗಳನ್ನು ಅಳೆಯುತ್ತದೆ: ಒಂದು ಜರ್ನಲ್ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳನ್ನು ಈ ವರ್ಷ ಸರಾಸರಿ ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ ಅದು. ಈ ಸರಾಸರಿಯಿಂದ ಒಬ್ಬ ಸಂಶೋಧಕನ ಯೋಗ್ಯತೆ ನಿರ್ಧರಿಸುವುದೆಂದರೆ, ಬಸ್ಸಿನ ವೇಗ ನೋಡಿ ಒಳಗೆ ಕೂತವರಲ್ಲಿ ಓಟಗಾರರು ಯಾರೆಂದು ಹೇಳಿದಂತೆ. ಇನ್ನು ಎಚ್-ಇಂಡೆಕ್ಸ್. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಸೂಚಿಸಿದ ಈ ಲೆಕ್ಕದಲ್ಲಿ, ನಿಮ್ಮ ಇಪ್ಪತ್ತು ಲೇಖನಗಳಿಗೆ ತಲಾ ಇಪ್ಪತ್ತಾದರೂ ಉಲ್ಲೇಖಗಳು ಬಂದಿದ್ದರೆ ನಿಮ್ಮ ಎಚ್ ಇಪ್ಪತ್ತು. ಇಡೀ ಬದುಕನ್ನು ಸವೆಸಿ ಒಂದೇ ಒಂದು ಮಹಾಗ್ರಂಥ ಬರೆದವರ ಎಚ್ ಒಂದು. ಅದನ್ನು ಸಾವಿರ ಮಂದಿ ಉಲ್ಲೇಖಿಸಿದರೂ ಒಂದೇ. ವಿಷಯದಿಂದ ವಿಷಯಕ್ಕೆ ಈ ಅಂಕಿ ವ್ಯತ್ಯಾಸವಾಗುತ್ತದೆಂದು ಹಿರ್ಶ್ ಅದೇ ಲೇಖನದಲ್ಲಿ ಎಚ್ಚರಿಸಿದ್ದರು. ಸಾವಿರಾರು ಬಾರಿ ಉಲ್ಲೇಖಗೊಂಡ ಲೇಖನದಲ್ಲಿ ಆ ಭಾಗ ಮಾತ್ರ ಯಾರ ಕಣ್ಣಿಗೂ ಬಿದ್ದಂತಿಲ್ಲ.

ಹಳಬರ ಕಡತಗಳನ್ನು ತೆರೆದರೆ ಸಮಿತಿಯ ಕೆಲಸ ಎಷ್ಟು ಹಗುರವಾಗುತ್ತಿತ್ತೆಂದು ನಾನು ಆ ಮಧ್ಯಾಹ್ನ ಯೋಚಿಸುತ್ತ ಕೂತಿದ್ದೆ. ಗ್ರೆಗರ್ ಮೆಂಡೆಲ್ ಎಂಟು ವರ್ಷ ಬಟಾಣಿ ಗಿಡಗಳನ್ನು ಬೆಳೆಸಿ, ಎಣಿಸಿ, 1866ರಲ್ಲಿ ಒಂದು ಊರಿನ ನಿಸರ್ಗ ವಿಜ್ಞಾನ ಸಂಘದ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಎರಡು ವರ್ಷಗಳ ಗಡುವಿನ ಪ್ರಕಾರ ಅದರ ಪ್ರಭಾವದ ಬಾಗಿಲು 1868ಕ್ಕೆ ಮುಚ್ಚಿತು. ಮೆಂಡೆಲ್ 1884ರಲ್ಲಿ ತೀರಿಕೊಂಡರು. ತಳಿವಿಜ್ಞಾನಕ್ಕೆ ತಳಹದಿಯಾದ ಆ ಲೇಖನದ ಮಹತ್ವ ಜಗತ್ತಿಗೆ ಹೊಳೆದದ್ದು 1900ರಲ್ಲಿ. ಸ್ಥಳೀಯ ಪತ್ರಿಕೆ, ಒಬ್ಬನೇ ಲೇಖಕ, ವಿಷಯ ತರಕಾರಿ: ‘ಪರಿಗಣಿಸಲಾಗಿಲ್ಲ’ ಎಂಬ ಮೊಹರು ಒತ್ತಲು ಅರ್ಧ ನಿಮಿಷ ಸಾಕು.

ಪೀಟರ್ ಹಿಗ್ಸ್ ಅವರ ಕಡತ ಇನ್ನೂ ತೆಳ್ಳಗಿರುತ್ತಿತ್ತು. ಅವರ ಹೆಸರಿನಿಂದಲೇ ಕರೆಯಲಾಗುವ ಕಣದ ಬಗ್ಗೆ ಅವರು ಬರೆದದ್ದು 1964ರಲ್ಲಿ, ಅದೂ ಒಂದು ಜರ್ನಲ್ ತಿರಸ್ಕರಿಸಿದ ಮೇಲೆ ಇನ್ನೊಂದರಲ್ಲಿ. ಆಮೇಲೆ ಅವರು ಪ್ರಕಟಿಸಿದ ಲೇಖನಗಳು ಹತ್ತನ್ನೂ ಮುಟ್ಟಲಿಲ್ಲ. ಇತ್ತೀಚಿನ ಪ್ರಕಟಣೆಗಳ ಪಟ್ಟಿ ಕೊಡಿ ಎಂದು ವಿಭಾಗದಿಂದ ಸುತ್ತೋಲೆ ಬಂದರೆ ‘ಯಾವುದೂ ಇಲ್ಲ’ ಎಂದು ಬರೆದು ಕಳಿಸುತ್ತಿದ್ದರಂತೆ. 2013ರಲ್ಲಿ ನೊಬೆಲ್ ಬಂದಾಗ, ಈಗಿನ ಕಾಲದಲ್ಲಿ ತನಗೆ ಅಧ್ಯಾಪಕನ ಕೆಲಸವೇ ಸಿಗುತ್ತಿರಲಿಲ್ಲವೆಂದು ಅವರೇ ಹೇಳಿಕೊಂಡರು. ನಮ್ಮ ಸಮಿತಿಯನ್ನು ಕಾಣದೆಯೇ ಅದರ ತೀರ್ಪನ್ನು ಇಷ್ಟು ಕರಾರುವಾಕ್ಕಾಗಿ ಊಹಿಸಿದ್ದು ಸೈದ್ಧಾಂತಿಕ ಭೌತಶಾಸ್ತ್ರದ ಇನ್ನೊಂದು ಸಾಧನೆ ಎನ್ನಬೇಕು.

ಮೂರನೆಯ ಅಭ್ಯರ್ಥಿ ಬಂದಾಗ ಸಮಿತಿಯ ಮುಖ ಅರಳಿತು. ಕಣಭೌತಶಾಸ್ತ್ರದ ಯುವ ವಿಜ್ಞಾನಿ. ಲೇಖನಗಳು ಆರುನೂರಕ್ಕೂ ಹೆಚ್ಚು. ‘ಇದರಲ್ಲಿ ನಿಮ್ಮ ಪಾಲು ಏನು?’ ಎಂದು ನಾನು ಕೇಳಿದೆ. ಅವರು ಪ್ರಾಮಾಣಿಕರು. ‘ಶೋಧಕ ಯಂತ್ರದ ಒಂದು ಭಾಗವನ್ನು ತಂಪಾಗಿಡುವ ವ್ಯವಸ್ಥೆ ನೋಡಿಕೊಳ್ಳುತ್ತೇನೆ ಸರ್. ಎಲ್ಲ ಲೇಖನಗಳನ್ನು ಓದಲು ಆಗಿಲ್ಲ’ ಎಂದರು. ಅವರ ತಪ್ಪೇನೂ ಇಲ್ಲ. ಆ ಕ್ಷೇತ್ರದ ಪದ್ಧತಿಯೇ ಹಾಗೆ. ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ 2015ರಲ್ಲಿ ಬಂದ ಒಂದು ಲೇಖನಕ್ಕೆ 5,154 ಲೇಖಕರು. ಒಟ್ಟು 33 ಪುಟಗಳಲ್ಲಿ ವಿಜ್ಞಾನಕ್ಕೆ ಒಂಬತ್ತು ಪುಟ, ಉಳಿದ 24 ಪುಟಗಳು ಲೇಖಕರಿಗೆ ಮತ್ತು ಅವರ ಸಂಸ್ಥೆಗಳಿಗೆ. ತಂಪಿನ ವ್ಯವಸ್ಥೆಯಿಲ್ಲದೆ ಯಂತ್ರ ನಡೆಯುವುದಿಲ್ಲವಾದ್ದರಿಂದ ಅದನ್ನು ನೋಡಿಕೊಳ್ಳುವವರ ಹೆಸರು ಇರಬೇಕಾದದ್ದೇ. ಪಕ್ಕದ ಕೋಣೆಯಲ್ಲಿ ತಾಳೆಗರಿಗೆ ತಾನೇ ಎಣ್ಣೆ ಸವರಿ, ತಾನೇ ಓದಿ, ತಾನೇ ಬರೆದು, ತಾನೊಬ್ಬನೇ ಸಹಿ ಹಾಕಿದವನನ್ನು ಇವರೊಡನೆ ಒಂದೇ ಅಂಕಣದಲ್ಲಿ ನಿಲ್ಲಿಸಿದಾಗ ಮಾತ್ರ ಅದು ಹಾಸ್ಯವಾಗುತ್ತದೆ.

ಕಪ್ಪೆಗಳನ್ನು ತಕ್ಕಡಿಗೆ ಹಾಕಿದರೆ ಒಂದನ್ನು ಇಡುವಷ್ಟರಲ್ಲಿ ಇನ್ನೊಂದು ಹಾರುತ್ತದೆ ಎಂದು ನಮ್ಮ ಹಿರಿಯರು ಹೇಳಿದ್ದು ಬಹುಶಃ ಇಂಥ ಸಭೆಯಿಂದ ಮನೆಗೆ ಮರಳುವಾಗಲೇ ಇರಬೇಕು. ಗಣಿತಜ್ಞರು ಲೇಖಕರ ಹೆಸರುಗಳನ್ನು ಅಕಾರಾದಿಯಾಗಿ ಹಾಕುತ್ತಾರೆ. ಜೀವವಿಜ್ಞಾನದಲ್ಲಿ ಕೊನೆಯ ಹೆಸರು ಯಜಮಾನರದು. ಕಂಪ್ಯೂಟರ್ ವಿಜ್ಞಾನದವರಿಗೆ ಸಮ್ಮೇಳನವೇ ಸರ್ವಸ್ವ, ಇತಿಹಾಸಕಾರರಿಗೆ ಪುಸ್ತಕ. ಇನ್ನು ವಿನಯದ ಬಹುವಚನ ತಂದ ಫಜೀತಿಯೂ ಉಂಟು: 1975ರಲ್ಲಿ ಜಾಕ್ ಹೆದರಿಂಗ್ಟನ್ ಎಂಬ ಅಮೆರಿಕದ ಭೌತವಿಜ್ಞಾನಿ ಒಬ್ಬರೇ ಬರೆದ ಲೇಖನದುದ್ದಕ್ಕೂ ‘ನಾವು’ ಎಂದು ಟೈಪ್ ಮಾಡಿಬಿಟ್ಟಿದ್ದರು. ಲೇಖಕ ಒಬ್ಬನೇ ಆದರೆ ಜರ್ನಲ್ ‘ನಾವು’ ಎಂಬುದನ್ನು ಒಪ್ಪುವುದಿಲ್ಲವೆಂದು ಸಹೋದ್ಯೋಗಿಯೊಬ್ಬರು ಹೇಳಿದಾಗ, ಇಡೀ ಲೇಖನವನ್ನು ಮತ್ತೆ ಟೈಪ್ ಮಾಡುವ ಬದಲು ತಮ್ಮ ಸಯಾಮಿ ಬೆಕ್ಕನ್ನು ಎಫ್. ಡಿ. ಸಿ. ವಿಲರ್ಡ್ ಎಂಬ ಹೆಸರಿನಲ್ಲಿ ಸಹಲೇಖಕನನ್ನಾಗಿ ಸೇರಿಸಿಕೊಂಡರು. ಲೇಖನ ಪ್ರಕಟವಾಯಿತು. ಬೆಕ್ಕು ಮುಂದೆ 1980ರಲ್ಲಿ ಸ್ವತಂತ್ರವಾಗಿಯೂ ಒಂದು ಲೇಖನ ಪ್ರಕಟಿಸಿತು, ಅದೂ ಫ್ರೆಂಚಿನಲ್ಲಿ.

ಆ ಬೆಕ್ಕಿಗೆ ಬಡ್ತಿಯ ಆಸೆಯಿರಲಿಲ್ಲ. ಆಸೆಯಿರುವವರು ತಕ್ಕಡಿಯ ಮೇಲೆ ಅಲುಗಾಡದೆ ಕೂರುವುದನ್ನೂ, ಕೂರುವ ಮುಂಚೆ ಹೊಟ್ಟೆ ತುಂಬ ನೀರು ಕುಡಿಯುವುದನ್ನೂ ಕಲಿತಿದ್ದಾರೆ. ಒಂದು ಫಲಿತಾಂಶವನ್ನು ಸೌತೆಕಾಯಿಯಂತೆ ಹೆಚ್ಚಿ ಐದು ಲೇಖನ ಮಾಡುವುದು, ಒಂಟೆಯ ಮದುವೆಯಲ್ಲಿ ಹಾಡಿದ ಕತ್ತೆಯೂ ಮದುಮಗನಾದ ಒಂಟೆಯೂ ಪರಸ್ಪರ ರೂಪವನ್ನೂ ದನಿಯನ್ನೂ ಹೊಗಳಿಕೊಂಡಂತೆ ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಳ್ಳುವುದು, ಇವೆಲ್ಲ ಈಗ ವಿಜ್ಞಾನ ಮತ್ತು ಮಾನವಿಕ ಎಂಬ ಭೇದವಿಲ್ಲದೆ ಬೆಳೆದಿರುವ ಏಕೈಕ ಅಂತರಶಿಸ್ತೀಯ ವಿದ್ಯೆ. 2010ರಲ್ಲಿ ಫ್ರಾನ್ಸಿನ ಸಿರಿಲ್ ಲಾಬೆ ಅವರು ಕಂಪ್ಯೂಟರಿನಿಂದ ಅರ್ಥಹೀನ ಲೇಖನಗಳನ್ನು ಸುಮಾರು ನೂರರಷ್ಟು ಬರೆಯಿಸಿ, ಅವು ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿ, ಐಕ್ ಆಂಟ್‌ಕೇರ್ ಎಂಬ ಇಲ್ಲದ ವಿಜ್ಞಾನಿಗೆ 94ರ ಎಚ್-ಇಂಡೆಕ್ಸ್ ಗಳಿಸಿಕೊಟ್ಟರು. ಗೂಗಲ್ ಸ್ಕಾಲರ್‌ನ ಲೆಕ್ಕದಲ್ಲಿ ಆತ ಐನ್‌ಸ್ಟೈನ್ ಅವರನ್ನು ಹಿಂದೆ ಹಾಕಿದ್ದ. ಇಲ್ಲದವನೆಂಬ ಒಂದೇ ಕಾರಣಕ್ಕೆ ಆತ ನಮ್ಮಲ್ಲಿ ಪ್ರಾಧ್ಯಾಪಕನಾಗಲಿಲ್ಲ; ಇದ್ದಿದ್ದರೆ ಕುಲಪತಿಯಾಗಿರುತ್ತಿದ್ದ.

ತೂಕಕ್ಕೆ ಜಗ್ಗದ ಒಂದು ಕಪ್ಪೆಯ ವಿಷಯ ನನಗೆ ಸಭೆಯ ಕೊನೆಯಲ್ಲಿ ನೆನಪಾಯಿತು. ಭೌತವಿಜ್ಞಾನಿ ಆಂಡ್ರೆ ಗೈಮ್ ನೆದರ್‌ಲ್ಯಾಂಡ್ಸ್‌ನಲ್ಲಿದ್ದಾಗ 1997ರಲ್ಲಿ ಒಂದು ಜೀವಂತ ಕಪ್ಪೆಯನ್ನು ಪ್ರಬಲ ಕಾಂತಕ್ಷೇತ್ರದಲ್ಲಿ ಗಾಳಿಯಲ್ಲೇ ತೇಲಿಸಿದರು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಅದಕ್ಕೆ 2000ದಲ್ಲಿ ಬಂತು. ಹತ್ತು ವರ್ಷಗಳ ನಂತರ, ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯಾದ ಗ್ರ್ಯಾಫೀನ್ ಕುರಿತ ಕೆಲಸಕ್ಕಾಗಿ ಅವರಿಗೆ ನಿಜವಾದ ನೊಬೆಲ್ಲೂ ಬಂತು. ಇದನ್ನು ನಾನು ಅಧ್ಯಕ್ಷರಿಗೆ ಉತ್ಸಾಹದಿಂದ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ತೇಲುವ ಕಪ್ಪೆಗೆ ಯಾವ ಅಂಕಣದಲ್ಲಿ ಅಂಕ ಕೊಡಬೇಕೆಂದು ಕೇಳಿದರು.

ಆದರೂ ಸಮಿತಿಯನ್ನು ಮೊಂಡು ಎನ್ನಲಾಗದು. ಸಂಶೋಧಕರನ್ನು ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ ಅಳೆಯಬಾರದೆಂಬ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಗೆ ಆ ಸಂಸ್ಥೆಯೂ ಸಹಿ ಹಾಕಿದೆ; ಸಹಿ ಹಾಕಿದ ಚಿತ್ರ ವಾರ್ಷಿಕ ವರದಿಯಲ್ಲಿ, ಸಿಬ್ಬಂದಿಯ ಸರಾಸರಿ ಇಂಪ್ಯಾಕ್ಟ್ ಫ್ಯಾಕ್ಟರ್‌ನ ಎದುರು ಪುಟದಲ್ಲಿದೆ. ಒಂದೇ ನಮೂನೆ ಎಲ್ಲ ವಿಷಯಗಳಿಗೂ ಹೊಂದುವುದಿಲ್ಲವೆಂಬ ನನ್ನ ಲಿಖಿತ ಆಕ್ಷೇಪವನ್ನೂ ಅವರು ಕಸದ ಬುಟ್ಟಿಗೆ ಹಾಕಲಿಲ್ಲ. ಮರುವರ್ಷ ಪರಿಷ್ಕೃತ ನಮೂನೆ ಬಂತು. ಹಳೆಯ 24 ಅಂಕಣಗಳು ಹಾಗೆಯೇ ಇದ್ದವು. ಅವುಗಳ ಕೆಳಗೆ ಹೊಸದಾಗಿ ಅಂಕಣ 25: ‘ಸಂಶೋಧನೆಯ ವೈವಿಧ್ಯ (ಅಂಕಿಯಲ್ಲಿ ಮಾತ್ರ ಬರೆಯಿರಿ)’.