ಕೂಳೂರಿಗೆ ಟಿಕೆಟ್, ಕೊಟ್ಟಾರದಲ್ಲಿ ಇಳಿಯುವುದು

ಹುಲಿವೇಷ ಹಾಕಿ, ಹುಲ್ಲಿನಲ್ಲಿ ಕಟ್ಟಿದ ಭಾರದ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎಸೆಯುವ ಹುಡುಗರು ಕೂಡ ನಮ್ಮ ಮಂಗಳೂರಿನ ಸಿಟಿ ಬಸ್ಸಿನಲ್ಲಿ "ಸ್ವಲ್ಪ ಆಚೆ ಕೂತ್ಕೊಳ್ಳಿ" ಅನ್ನಲು ಹಿಂದೆಮುಂದೆ ನೋಡುತ್ತಾರೆ. ನನ್ನದಂತೂ ಬಿಡಿ. ವೇಷವೂ ಇಲ್ಲ, ಬಾಯಿಯೂ ಇಲ್ಲ.

ಈ ಕಾಯಿಲೆ ದೊಡ್ಡ ದೊಡ್ಡವರಿಗೂ ಇತ್ತು ಅನ್ನುವುದೇ ಸಮಾಧಾನ. ಸ್ಟ್ಯಾನ್ಲಿ ಮಿಲ್‌ಗ್ರಾಂ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ. ಮೇಲಿನವರು ಹೇಳಿದರೆ ಸಾಮಾನ್ಯ ಜನ ಇನ್ನೊಬ್ಬನಿಗೆ ಕರೆಂಟ್ ಶಾಕ್ ಕೂಡ ಕೊಡುತ್ತಾರಾ ಅಂತ 1961ರಲ್ಲಿ ಪರೀಕ್ಷೆ ಮಾಡಿ (ಶಾಕ್ ಸುಳ್ಳು, ಕಿರುಚಾಟವೂ ನಾಟಕ) ಹೆಸರಾದವರು. 1970ರ ದಶಕದಲ್ಲಿ ಇವರು ವಿದ್ಯಾರ್ಥಿಗಳನ್ನು ನ್ಯೂಯಾರ್ಕಿನ ಸಬ್‌ವೇ ರೈಲಿಗೆ ಹತ್ತಿಸಿ, ಕಾರಣ ಹೇಳದೆ "ನಿಮ್ಮ ಸೀಟು ಕೊಡ್ತೀರಾ?" ಅಂತ ಕೇಳಿಸಿದರು. ಶೇಕಡಾ 68ರಷ್ಟು ಜನ ಎದ್ದರು, ಇಲ್ಲವೇ ಸರಿದು ಜಾಗ ಕೊಟ್ಟರು. ಆದರೆ ಕೇಳಿದವರ ಅವಸ್ಥೆ! ತಾವೇ ಕೇಳಲು ಹೋದ ಮಿಲ್‌ಗ್ರಾಂಗೆ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತಂತೆ. ಹೇಗೋ ಕೇಳಿ, ಸೀಟು ಸಿಕ್ಕಿದ ಮೇಲೆ ಹುಷಾರಿಲ್ಲದವರ ಹಾಗೆ ತಲೆ ತಗ್ಗಿಸಿ ಕೂತರಂತೆ. ಸುಮ್ನೆ ಕೇಳಿದ್ದಲ್ಲ ಅಂತ ತೋರಿಸಬೇಕಲ್ಲ ಮಾರಾಯ್ರೆ!

ಮೊನ್ನೆ ಸುರತ್ಕಲ್ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಒಬ್ಬ ಹುಡುಗ. ಕಿವಿಗೆ ಇಯರ್‌ಫೋನ್, ಕಣ್ಣು ಮುಚ್ಚಿದ್ದಾನೆ. ನಿಂತಿದ್ದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿ, ಉಳಿದವರಿಗೆ ಏನೂ ತೊಂದರೆ ಇಲ್ಲವೇನೋ ಅಂದುಕೊಂಡು ಸುಮ್ಮನಾದೆವು. ಉಳಿದವರೂ ಅದನ್ನೇ ಅಂದುಕೊಂಡಿರಬೇಕು. ಲಾಲ್‌ಬಾಗ್‌ನಲ್ಲಿ ಖಾಲಿ ಬುಟ್ಟಿ ಹಿಡಿದ ಮೀನು ಮಾರುವ ಅಕ್ಕ ಹತ್ತಿದರು. ತುಳುವಿನಲ್ಲಿ "ಲಕ್ಕ್ ಮಾರಾಯ" (ಏಳು ಮಾರಾಯ) ಅಂದರು. ಅಷ್ಟೇ. ಹುಡುಗ "ಸಾರಿ" ಅಂತ ಎದ್ದ.

ಅವರು ಕೂತು, ಪಕ್ಕದಲ್ಲಿ ಜಾಗ ಮಾಡಿ, ನನಗೆ "ಬಲೆ, ಕುಲ್ಲುಲೆ" (ಬನ್ನಿ, ಕೂತ್ಕೊಳ್ಳಿ) ಅಂದರು. ಬಸ್ಸಿಡೀ ನನ್ನನ್ನೇ ನೋಡುತ್ತಿದೆ ಅನ್ನಿಸಿ ಬಾಯಿಂದ ಬಂದದ್ದು, "ಬೇಡ ಅಕ್ಕಾ, ನಾನು ಇಲ್ಲೇ ಇಳಿಯುವುದು." ಮನೆ ಇರುವುದು ಕೂಳೂರಿನಲ್ಲಿ.

ನಾವು ಅಂದುಕೊಂಡಷ್ಟು ಜನ ನಮ್ಮನ್ನು ನೋಡುವುದಿಲ್ಲ ಅಂತ 2000ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಹೇಳುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮುಜುಗರ ಆಗುವಂಥ ಟೀ ಶರ್ಟ್ ಹಾಕಿಸಿ ಜನರಿದ್ದ ಕೋಣೆಗೆ ಕಳಿಸಿದರೆ, ಸುಮಾರು ಅರ್ಧ ಜನ ಗಮನಿಸಿರಬಹುದು ಅಂತ ಹಾಕಿದವರ ಲೆಕ್ಕ. ನಿಜವಾಗಿ ಗಮನಿಸಿದ್ದು ಹೆಚ್ಚುಕಡಿಮೆ ಕಾಲು ಭಾಗ. ಸರಿ, ಒಪ್ಪೋಣ. ಆದರೆ ಆ ಕೋಣೆಯಲ್ಲಿ ಕಂಡಕ್ಟರ್ ಇರಲಿಲ್ಲ. ಕೊಟ್ಟಾರ ಚೌಕಿಯಲ್ಲಿ ಮೆಲ್ಲ ಇಳಿಯಲು ಹೋದರೆ ಹಿಂದಿನ ಬಾಗಿಲಿನಿಂದ ಕೂಗಿದರು, "ಅಕ್ಕಾ, ನಿಮ್ಮದು ಕೂಳೂರಲ್ವಾ?" ಇಡೀ ಬಸ್ಸು ನನ್ನತ್ತ ತಿರುಗಿತು.

"ಇಲ್ಲಿ ಸ್ವಲ್ಪ ಕೆಲಸ ಉಂಟು" ಅಂತ ಇಳಿದೆ. ಕೆಲಸ ಇರುವವಳ ಹಾಗೆ ಕಾಣಬೇಕಲ್ಲ, ಬಸ್ಸು ಹೋಗುವವರೆಗೆ ಮೆಡಿಕಲ್ ಶಾಪಿನ ಎದುರು ನಿಂತೆ. ಒಳಗಿನಿಂದ "ಎಂತ ಬೇಕಿತ್ತು?" ಅಂದರು.

ಕೆಮ್ಮಿನ ಸಿರಪ್ ತೆಗೊಂಡೆ.