ಹೆದರುವವರು ಸರತಿಯಲ್ಲಿ ಬನ್ನಿ

ಹಾರರ್ ಸಿನಿಮಾದ ಕಟ್ಟಾ ಅಭಿಮಾನಿ ಯಾವುದಕ್ಕೂ ಹೆದರುವವನಲ್ಲ. ಆದರೆ ಹೆದರಿಸಿಕೊಳ್ಳುವುದಕ್ಕಾಗಿ ಅವನು ಎಷ್ಟು ದೂರ ಬೇಕಾದರೂ ಹೋಗುತ್ತಾನೆ, ಇಲ್ಲದ ಕಾಯಿಲೆ ಹೇಳಿ ರಜೆ ಹಾಕುತ್ತಾನೆ, ರಾತ್ರಿಯಿಡೀ ಪ್ರಯಾಣ ಮಾಡಿ ಕುತ್ತಿಗೆ ಹಿಡಿಸಿಕೊಳ್ಳುತ್ತಾನೆ. ಅದೇ ಸಿನಿಮಾ ಕೆಲವೇ ದಿನಗಳಲ್ಲಿ ಅವನ ಮನೆಯ ಹತ್ತಿರದ ಪರದೆಗೂ ಬರುತ್ತದೆ, ಅಲ್ಲಿಯೂ ಅದೇ ಪಿಶಾಚಿ ಅದೇ ಬಾಗಿಲ ಸಂದಿಯಿಂದ ಅದೇ ಕ್ಷಣಕ್ಕೆ ಹಾರಿಬರುತ್ತದೆ ಎಂದು ನಾವು ನೆನಪಿಸಿದರೆ ಅವನು ನಮ್ಮತ್ತ ಕರುಣೆಯಿಂದ ನೋಡುತ್ತಾನೆ. ಊರೆಲ್ಲ ಹೆದರಿ ಮುಗಿಸಿದ ಮೇಲೆ ಹೆದರುವುದರಲ್ಲಿ ಏನು ಘನತೆಯಿದೆ? ಎಂಜಲು ಭಯ ಅವನಿಗೆ ಬೇಡ. ಅವನಿಗೆ ಬೇಕಾಗಿರುವುದು ಪ್ರೀಮಿಯರ್, ಅಂದರೆ ಯಾರೂ ಇನ್ನೂ ಮುಟ್ಟದ, ಡಬ್ಬಿಯಿಂದ ಆಗತಾನೆ ತೆಗೆದ ತಾಜಾ ಭಯ. ಅದಕ್ಕಾಗಿ ಅವನು ಮಾಡಿಕೊಂಡಿರುವ ಸಿದ್ಧತೆಯೂ ಅಷ್ಟಿಷ್ಟಲ್ಲ. ಟ್ರೇಲರನ್ನು ತಡೆದು ತಡೆದು ನೋಡಿ, ಎಲ್ಲೆಲ್ಲಿ ಬೆಚ್ಚಿಬೀಳಬೇಕು ಎಂಬುದನ್ನು ಗುರುತು ಹಾಕಿಕೊಂಡು, ಕೊನೆಗೆ ಯಾರು ಬದುಕುತ್ತಾರೆಂದು ಗೆಳೆಯರೊಡನೆ ಪಂಥ ಕಟ್ಟಿ, ಅನಿರೀಕ್ಷಿತ ಆಘಾತವೊಂದನ್ನು ಅನುಭವಿಸಲು ಅವನು ಹೊರಡುತ್ತಾನೆ.

ಕೈಯಲ್ಲಿ ಪಾಸ್ ಇದೆ. ಪಾಸಿನ ಮೇಲೆ ರಕ್ತ ಸೋರುವ ಅಕ್ಷರಗಳಲ್ಲಿ ಚಿತ್ರದ ಹೆಸರಿದೆ. ಅದರ ಕೆಳಗೆ, ರಕ್ತವೂ ಸೋರದಷ್ಟು ಸಣ್ಣ ಅಕ್ಷರಗಳಲ್ಲಿ, ಈ ಪಾಸ್ ಇದ್ದ ಮಾತ್ರಕ್ಕೆ ಆಸನ ಸಿಗುತ್ತದೆ ಎಂಬ ಖಾತರಿಯಿಲ್ಲ ಎಂದಿದೆ. ಪುಕ್ಕಟೆ ಪಾಸ್ ಪಡೆದವರಲ್ಲಿ ಎಲ್ಲರೂ ಬರುವುದಿಲ್ಲವಾದ್ದರಿಂದ, ಇರುವ ಆಸನಗಳಿಗಿಂತ ಹೆಚ್ಚು ಪಾಸ್ ಹಂಚುವುದು ಇಂಥ ಪ್ರದರ್ಶನಗಳಲ್ಲಿ ರೂಢಿಯಾಗಿದೆ. ಪ್ರಚಾರ ವಿಭಾಗದವರು ನಿಜವಾಗಿ ಹೆದರುವುದು ಒಂದೇ ಒಂದು ದೃಶ್ಯಕ್ಕೆ, ಅದು ಕ್ಯಾಮೆರಾದ ಕಣ್ಣಿಗೆ ಬೀಳುವ ಖಾಲಿ ಕುರ್ಚಿ. ಹೀಗಾಗಿ ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲವೆಂಬ ಮಾತು ಇಲ್ಲಿ ಲಿಖಿತ ನಿಯಮವೇ ಆಗಿದೆ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ, ಕೈಯಲ್ಲಿ ಪಟ್ಟಿ ಹಿಡಿದ ಸ್ವಯಂಸೇವಕನೊಬ್ಬ ಸರತಿಯ ಉದ್ದಕ್ಕೂ ನಡೆದು ಬರುವಾಗ, ಗರಗಸದಿಂದ ಕಾಲು ಕೊಯ್ಯುವುದನ್ನು ಕಣ್ಣು ಪಿಳುಕಿಸದೆ ನೋಡಿದ ನಮ್ಮ ಅಭಿಮಾನಿಯ ಗಂಟಲು ಒಣಗುತ್ತದೆ.

ಇತಿಹಾಸವನ್ನು ನೋಡಿದರೆ ಭಯ ಮತ್ತು ಬಡಿವಾರಗಳ ಈ ನಂಟು ಹಳೆಯದೇ. 1922ರ ಮಾರ್ಚ್ 4ರಂದು ಬರ್ಲಿನ್ನಿನ ಪ್ರಾಣಿಸಂಗ್ರಹಾಲಯದ ಅಮೃತಶಿಲೆಯ ಸಭಾಂಗಣದಲ್ಲಿ ‘ನೊಸ್ಫೆರಾಟು’ ಮೂಕಿಚಿತ್ರದ ಮೊದಲ ಪ್ರದರ್ಶನ ನಡೆದಾಗ, ಅತಿಥಿಗಳು ನೂರು ವರ್ಷ ಹಿಂದಿನ ಉಡುಪು ತೊಟ್ಟು ಬರಬೇಕೆಂದು ಆಹ್ವಾನದಲ್ಲೇ ಕೋರಲಾಗಿತ್ತು. ಆ ಅದ್ಧೂರಿಯ ಬೆನ್ನಿಗೇ ನಿರ್ಮಾಣ ಸಂಸ್ಥೆ ದಿವಾಳಿಯಾಯಿತು. ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡ ತಪ್ಪಿಗೆ ಚಿತ್ರದ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ನ್ಯಾಯಾಲಯ ಆದೇಶಿಸಿತು. ಚಿತ್ರೋದ್ಯಮ ಇದರಿಂದ ಕಲಿತ ಪಾಠ ಹಕ್ಕುಸ್ವಾಮ್ಯಕ್ಕೆ ಸಂಬಂಧಿಸಿದ್ದಲ್ಲ, ವೇಷಭೂಷಣಕ್ಕೆ ಸಂಬಂಧಿಸಿದ್ದು. ಅದೇ ವರ್ಷದ ಅಕ್ಟೋಬರಿನಲ್ಲಿ ಸಿಡ್ ಗ್ರಾಮನ್ ಎಂಬ ಚಿತ್ರಮಂದಿರದ ಒಡೆಯ ಹಾಲಿವುಡ್ಡಿನ ಈಜಿಪ್ಷಿಯನ್ ಥಿಯೇಟರಿನಲ್ಲಿ ಕೆಂಪು ಹಾಸಿನ ಪ್ರೀಮಿಯರ್ ಸಂಪ್ರದಾಯಕ್ಕೆ ನಾಂದಿ ಹಾಡಿದನೆನ್ನುತ್ತಾರೆ. ಅಂದು ತೋರಿಸಿದ್ದು ಸಿರಿವಂತರಿಂದ ಕಿತ್ತು ಬಡವರಿಗೆ ಹಂಚಿದ ರಾಬಿನ್ ಹುಡ್‌ನ ಕಥೆಯನ್ನು. ಆ ಹಾಸಿನ ಮೇಲೆ ಇಂದಿಗೂ ಯಾರು ನಡೆಯುತ್ತಾರೆ, ಹಗ್ಗದ ಆಚೆ ಯಾರು ನಿಲ್ಲುತ್ತಾರೆ ಎಂಬುದನ್ನು ನೋಡಿದರೆ ಕಥೆಯ ಸಂದೇಶ ಸಭಾಂಗಣದಿಂದ ಹೊರಗೆ ಬರಲಿಲ್ಲವೆಂದು ತಿಳಿಯುತ್ತದೆ.

ಹಗ್ಗದ ಆಚೆ ನಿಂತಿರುವ ನಮ್ಮವನು ಮುಖಕ್ಕೆ ಮುಖವಾಡ ಹಾಕಿದ್ದಾನೆ. ರಬ್ಬರಿನ ಒಳಗೆ ಬೆವರು ಧಾರಾಕಾರ ಇಳಿಯುತ್ತಿದೆ. ಕಣ್ಣಿನ ತೂತುಗಳು ಕಣ್ಣಿನ ನೇರಕ್ಕಿಲ್ಲದ ಕಾರಣ ಎದುರಿಗಿರುವವರ ಮೊಣಕಾಲು ಮಾತ್ರ ಕಾಣುತ್ತದೆ. ಅಷ್ಟರಲ್ಲಿ ಮಿನುಗುವ ಕಾರಿನಿಂದ ಚಿತ್ರದ ಪಿಶಾಚಿ ಇಳಿಯುತ್ತಾನೆ. ಹೊಲಿಗೆಯ ಒಂದು ಗೆರೆಯೂ ಮುರಿಯದ ಸೂಟು ತೊಟ್ಟ ಆ ಸಭ್ಯ ಯುವಕನನ್ನು ಕಂಡು ಯಾರಿಗೂ ಹೆದರಿಕೆಯಾಗುವುದಿಲ್ಲ. ವರದಿಗಾರ್ತಿಯೊಬ್ಬರು ಮೈಕ್ ಹಿಡಿದು, ಜಗತ್ತಿನ ಪ್ರತಿಯೊಂದು ಹಾರರ್ ಪ್ರೀಮಿಯರಿನಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳುತ್ತಾರೆ: ಚಿತ್ರೀಕರಣದ ವೇಳೆ ಸೆಟ್ಟಿನಲ್ಲಿ ನಿಜವಾಗಿಯೂ ಏನಾದರೂ ವಿಚಿತ್ರ ಅನುಭವವಾಯಿತೇ? ಪಿಶಾಚಿ ಗಂಭೀರನಾಗಿ, ಹೌದು, ಒಂದು ರಾತ್ರಿ ದೀಪಗಳು ತಾವಾಗಿಯೇ ಆರಿಹೋದವು ಎನ್ನುತ್ತಾನೆ. ನೂರಾರು ದೀಪ, ಸಾವಿರಾರು ಅಡಿ ವೈರು, ನಿದ್ದೆಗೆಟ್ಟ ವಿದ್ಯುತ್ ಸಿಬ್ಬಂದಿ ಇರುವ ಜಾಗದಲ್ಲಿ ದೀಪ ಆರಿದರೆ ಫ್ಯೂಸ್ ನೋಡಬೇಕೆಂದು ಹಾರರ್ ಚಿತ್ರತಂಡದವರಿಗೆ ಏಕೆ ಹೊಳೆಯುವುದಿಲ್ಲವೋ ನನಗೆ ಇಂದಿಗೂ ತಿಳಿದಿಲ್ಲ.

ಬಾಗಿಲಿನ ಬಳಿ ಒಂದು ಫಲಕವಿದೆ. ಅದನ್ನು ಯಾರೂ ಓದುವುದಿಲ್ಲ, ಆದರೆ ಇಡೀ ಸಂಜೆಯಲ್ಲಿ ಮೈ ಜುಮ್ಮೆನ್ನಿಸುವಂಥದ್ದು ಅದೊಂದೇ. ಈ ಆವರಣವನ್ನು ಪ್ರವೇಶಿಸುವ ಮೂಲಕ ನೀವು ನಿಮ್ಮ ಮುಖ, ದನಿ ಮತ್ತು ಹಾವಭಾವಗಳನ್ನು ಚಿತ್ರೀಕರಿಸಲು ಒಪ್ಪಿದ್ದೀರಿ. ಅವುಗಳನ್ನು ಈಗಿರುವ ಮತ್ತು ಮುಂದೆ ಕಂಡುಹಿಡಿಯಲಾಗುವ ಎಲ್ಲ ಮಾಧ್ಯಮಗಳಲ್ಲಿ, ಸಮಸ್ತ ಬ್ರಹ್ಮಾಂಡದಲ್ಲಿ, ಕಾಲದ ಮಿತಿಯಿಲ್ಲದೆ, ಯಾವ ಸಂಭಾವನೆಯೂ ಇಲ್ಲದೆ ಬಳಸಿಕೊಳ್ಳಬಹುದು. ಬ್ರಹ್ಮಾಂಡ ಎಂಬುದು ನನ್ನ ಉತ್ಪ್ರೇಕ್ಷೆಯಲ್ಲ, ಮನರಂಜನಾ ಉದ್ಯಮದ ವಕೀಲರು ಇಂಥ ಒಪ್ಪಂದಗಳಲ್ಲಿ ಶ್ರದ್ಧೆಯಿಂದ ಬರೆಯುವ ಮಾತು. ನೆರೆಯ ನಕ್ಷತ್ರಪುಂಜದಲ್ಲಿ ಜಾಹೀರಾತಿನ ಹಕ್ಕು ಕೈತಪ್ಪಿ ಹೋದೀತೆಂಬ ಚಿಂತೆ ಅವರಿಗೆ. ಕಥೆಗಳಲ್ಲಿ ಸೈತಾನನು ಮನುಷ್ಯನ ಆತ್ಮವನ್ನು ಬರೆಸಿಕೊಳ್ಳುವಾಗ ಪ್ರತಿಯಾಗಿ ಯೌವನವನ್ನೋ ಸಂಪತ್ತನ್ನೋ ವಿದ್ಯೆಯನ್ನೋ ಕೊಡುತ್ತಾನೆ, ಸಹಿಯನ್ನಾದರೂ ಕೇಳುತ್ತಾನೆ. ಇಲ್ಲಿ ಸಹಿಯೂ ಬೇಡ, ಹೊಸ್ತಿಲು ದಾಟಿದರೆ ಸಾಕು.

ಈ ವಿಷಯದಲ್ಲಿ ಹಿಂದಿನವರು ಎಷ್ಟೋ ಮರ್ಯಾದಸ್ಥರಾಗಿದ್ದರು ಎನ್ನದೆ ವಿಧಿಯಿಲ್ಲ. ಅಮೆರಿಕದ ನಿರ್ಮಾಪಕ, ನಿರ್ದೇಶಕ ವಿಲಿಯಂ ಕ್ಯಾಸಲ್ 1958ರಲ್ಲಿ ‘ಮಕಾಬ್ರ್’ ಚಿತ್ರ ಬಿಡುಗಡೆ ಮಾಡಿದಾಗ, ನೋಡುವಾಗ ಹೆದರಿ ಸತ್ತವರಿಗೆ ಸಲ್ಲುವಂತೆ ಲಂಡನ್ನಿನ ಲಾಯ್ಡ್ಸ್‌ನಿಂದ ಪ್ರತಿ ಪ್ರೇಕ್ಷಕನಿಗೂ 1,000 ಡಾಲರಿನ ವಿಮೆ ಮಾಡಿಸಿದ್ದ; ಚಿತ್ರಮಂದಿರದ ಒಳಗೆ ದಾದಿಯರನ್ನೂ ಹೊರಗೆ ಶವವಾಹನವನ್ನೂ ನಿಲ್ಲಿಸಿದ್ದ. 1959ರ ‘ದಿ ಟಿಂಗ್ಲರ್’ ಚಿತ್ರಕ್ಕೆ ಕೆಲವು ಕುರ್ಚಿಗಳ ಕೆಳಗೆ ಸಣ್ಣ ಮೋಟಾರು ಅಳವಡಿಸಿ, ಸರಿಯಾದ ಹೊತ್ತಿಗೆ ಪ್ರೇಕ್ಷಕರ ಅಡಿಯೇ ಅದುರುವಂತೆ ಮಾಡಿದ್ದ. 1961ರ ‘ಹೋಮಿಸೈಡಲ್’ನಲ್ಲಂತೂ ಕೊನೆಯ ಘಟ್ಟಕ್ಕೆ ಮುನ್ನ 45 ಸೆಕೆಂಡುಗಳ ಬಿಡುವು ಕೊಟ್ಟು, ಹೆದರಿದವರು ಎದ್ದು ಹೋಗಿ ಟಿಕೆಟ್ಟಿನ ಹಣ ವಾಪಸು ಪಡೆಯಬಹುದೆಂದು ಘೋಷಿಸಿದ್ದ. ಹಾಗೆ ಎದ್ದವರು ಹಜಾರದ ‘ಹೇಡಿಗಳ ಮೂಲೆ’ಯಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲಬೇಕಿತ್ತು ಎಂಬುದು ಬೇರೆ ಮಾತು. ಏನಿದ್ದರೂ ಹೆದರಿದವನಿಗೆ ಹಣ ಕೊಡಬೇಕು ಎಂಬ ತತ್ತ್ವವನ್ನು ಆತ ಒಪ್ಪಿಕೊಂಡಿದ್ದ. ಈಗಿನವರು ಹೆದರಿದವನ ಮುಖವನ್ನು ಕಿತ್ತುಕೊಂಡು ಹೋಗಿ ಅದರಿಂದ ಹಣ ಮಾಡುತ್ತಾರೆ. ಸುಮಾರು 15,000 ಡಾಲರಿನಲ್ಲಿ ತಯಾರಾದ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ 2009ರಲ್ಲಿ ವ್ಯಾಪಕವಾಗಿ ಬಿಡುಗಡೆಯಾದಾಗ, ಅದರ ಟ್ರೇಲರಿನಲ್ಲಿ ಸಿನಿಮಾದ ದೃಶ್ಯಗಳ ಜೊತೆಗೆ, ಕತ್ತಲಲ್ಲಿ ಕಾಣುವ ಕ್ಯಾಮೆರಾದಿಂದ ಸೆರೆಹಿಡಿದ ಪ್ರೇಕ್ಷಕರ ಕಿರುಚಾಟವೂ ಧಾರಾಳವಾಗಿತ್ತು. ಅಂದಿನಿಂದ ಹಾರರ್ ಪ್ರೇಕ್ಷಕನು ಸಂಬಳವಿಲ್ಲದ ಸಹನಟನಾಗಿದ್ದಾನೆ.

ಸಹನಟರಲ್ಲೂ ಶ್ರೇಣಿಗಳಿವೆ. ಕಿರುಚುವವನು ಸಾಮಾನ್ಯ, ವಾಂತಿ ಮಾಡಿಕೊಳ್ಳುವವನು ಮೇಲಿನವನು, ಮೂರ್ಛೆ ಹೋಗುವವನು ತಾರೆ. 1973ರ ಡಿಸೆಂಬರ್ 26ರಂದು ‘ದಿ ಎಕ್ಸಾರ್ಸಿಸ್ಟ್’ ಬಿಡುಗಡೆಯಾದ ಮೇಲೆ, ಚಳಿಯಲ್ಲಿ ಗಂಟೆಗಟ್ಟಲೆ ಸರತಿ ನಿಂತು ಒಳಹೋದ ಜನ ಅಲ್ಲಿ ಬವಳಿ ಬಂದು ಬಿದ್ದರೆಂದು ಪತ್ರಿಕೆಗಳು ವರದಿ ಮಾಡಿದವು. 2016ರ ಟೊರೊಂಟೊ ಚಿತ್ರೋತ್ಸವದಲ್ಲಿ ‘ರಾ’ ಚಿತ್ರದ ಮಧ್ಯರಾತ್ರಿ ಪ್ರದರ್ಶನದ ವೇಳೆ ಕೆಲವರು ಅಸ್ವಸ್ಥರಾಗಿ ವೈದ್ಯಕೀಯ ಸಿಬ್ಬಂದಿಯನ್ನು ಕರೆಸಬೇಕಾಯಿತು. ಆಮೇಲಾಮೇಲೆ ಒಬ್ಬರಾದರೂ ನೆಲಕ್ಕೆ ಬೀಳದ ಪ್ರೀಮಿಯರ್ ವಿಫಲ ಪ್ರೀಮಿಯರ್ ಎಂಬಂತಾಗಿದೆ. ಬೆಳಗಿನಿಂದ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಬಿಸಿಲಲ್ಲಿ ನಿಂತು, ರಬ್ಬರ್ ಮುಖವಾಡದೊಳಗೆ ಬೆಂದವನು ಒಳಗೆ ಬಂದು ಕೂತೊಡನೆ ತಲೆ ಸುತ್ತಿ ಬಿದ್ದರೆ, ಅದರ ಯಶಸ್ಸು ನಿರ್ದೇಶಕರಿಗೆ ಸಲ್ಲುತ್ತದೆ.

ಒಳಗೆ ಹೋಗುವ ಮುನ್ನ ಮೊಬೈಲನ್ನು ಬೂದುಬಣ್ಣದ ಚೀಲವೊಂದಕ್ಕೆ ಹಾಕಿ, ಬಾಯಿಗೆ ಅಯಸ್ಕಾಂತದ ಬೀಗ ಒತ್ತಿ, ಮರಳಿ ಕೈಗೇ ಕೊಡುತ್ತಾರೆ. ಮೊಬೈಲ್ ಹತ್ತಿರವೇ ಇದೆ, ಅದು ಮಿಡಿಯುವುದು ಬಟ್ಟೆಯ ಮೇಲಿನಿಂದಲೇ ತಿಳಿಯುತ್ತದೆ, ಆದರೆ ತೆಗೆಯುವಂತಿಲ್ಲ. ಜೀವಂತ ಸಮಾಧಿಯ ದೃಶ್ಯಗಳನ್ನು ನಗುತ್ತಾ ನೋಡುವ ಅಭಿಮಾನಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿರುವುದನ್ನು ನೋಡಲಾಗುವುದಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಬರಹವೊಂದು ಮೂಡುತ್ತದೆ: ನಿಮ್ಮ ಅನುಭವವನ್ನು ಈ ಕ್ಷಣವೇ ಹ್ಯಾಶ್‌ಟ್ಯಾಗಿನೊಂದಿಗೆ ಜಗತ್ತಿಗೆ ತಿಳಿಸಿರಿ.

1960ರಲ್ಲಿ ‘ಸೈಕೋ’ ಬಿಡುಗಡೆಯಾದಾಗ, ಚಿತ್ರ ಆರಂಭವಾದ ಮೇಲೆ ಬಂದ ಯಾರನ್ನೂ ಒಳಗೆ ಬಿಡಬಾರದೆಂದು ಹಿಚ್‌ಕಾಕ್ ಕಟ್ಟಪ್ಪಣೆ ಮಾಡಿದ್ದರು. ಪ್ರೀಮಿಯರಿನಲ್ಲಿ ನಿಯಮ ತಿರುಗುಮುರುಗು: ತಡವಾಗಿ ಬರುವವರು ಬರುವ ತನಕ ಚಿತ್ರ ಆರಂಭವಾಗುವುದಿಲ್ಲ. ಬಂದ ಮೇಲೆ ನಿರ್ದೇಶಕರ ಮಾತು, ನಿರ್ಮಾಪಕರ ಮಾತು, ಪ್ರಾಯೋಜಕರ ವತಿಯಿಂದ ಎರಡು ಮಾತು. ಎಲ್ಲರೂ ಇದು ನಿಜಕ್ಕೂ ಪ್ರೀತಿಯ ಬಗೆಗಿನ ಚಿತ್ರ, ಕುಟುಂಬದ ಬಗೆಗಿನ ಚಿತ್ರ, ನೋವಿನ ಬಗೆಗಿನ ಚಿತ್ರ ಎಂದೇ ಹೇಳುತ್ತಾರೆ. ದೆವ್ವದ ಬಗ್ಗೆ ಒಬ್ಬರೂ ಬಾಯಿ ಬಿಡುವುದಿಲ್ಲ. ದೀಪ ಆರುವುದೇ ತಡ, ತಾರೆಯರು ಪಕ್ಕದ ಬಾಗಿಲಿನಿಂದ ಸದ್ದಿಲ್ಲದೆ ಮಾಯವಾಗುತ್ತಾರೆ. ಅಷ್ಟು ಹೊತ್ತಿನಲ್ಲಿ ನಡೆದ ಏಕೈಕ ಅಲೌಕಿಕ ಘಟನೆ ಅದು.

ಭಯಕ್ಕೆ ಬೇಕಾದದ್ದು ಕತ್ತಲು, ಮೌನ ಮತ್ತು ತಾನೊಬ್ಬನೇ ಇದ್ದೇನೆಂಬ ಅನುಮಾನ. ಪ್ರೀಮಿಯರಿನಲ್ಲಿ ಈ ಮೂರನ್ನು ಬಿಟ್ಟು ಉಳಿದೆಲ್ಲವೂ ಸಿಗುತ್ತದೆ. ಆರಂಭದ ಹೆಸರುಗಳು ಬರುವಾಗ ಸಂಕಲನಕಾರರ ಹೆಸರಿಗೆ ಬಲಗಡೆಯಿಂದ ಚಪ್ಪಾಳೆ, ಪ್ರಸಾಧನದವರ ಹೆಸರಿಗೆ ಹಿಂದಿನಿಂದ ಕೇಕೆ. ಚಿತ್ರದಲ್ಲಿ ಮೊದಲು ಬಲಿಯಾಗುವ ಸಣ್ಣ ಪಾತ್ರದ ನಟನಿಗೆ ಇದು ಮೊದಲ ಸಿನಿಮಾ. ಅವನ ಬಂಧುಬಳಗವೆಲ್ಲ ಒಂದೇ ಸಾಲಿನಲ್ಲಿ ಕೂತಿದೆ. ಅವನು ಕೈದೀಪ ಹಿಡಿದು ನೆಲಮಾಳಿಗೆಗೆ ಇಳಿಯುತ್ತಾನೆ, ಮೆಟ್ಟಿಲು ಕಿರುಗುಟ್ಟುತ್ತದೆ, ಸಂಗೀತ ನಿಲ್ಲುತ್ತದೆ, ನಮ್ಮ ಅಭಿಮಾನಿಯ ಬೆನ್ನಲ್ಲಿ ಇನ್ನೇನು ಚಳಿ ಹುಟ್ಟಬೇಕು, ಆಗ ಆ ಸಾಲಿನಿಂದ ಶಾಲಾ ವಾರ್ಷಿಕೋತ್ಸವದಲ್ಲಿ ಮಗ ವೇದಿಕೆಗೆ ಬಂದಾಗ ಏಳುವಂಥ ಸಂಭ್ರಮದ ಗುಸುಗುಸು ಏಳುತ್ತದೆ. ತಲೆ ಉರುಳಿದೊಡನೆ ಸಿಳ್ಳೆ. ತಾಯಿ ಆನಂದಬಾಷ್ಪ ಒರೆಸಿಕೊಳ್ಳುತ್ತಾರೆ. ತಲೆ ಇನ್ನೊಂದು ಮೆಟ್ಟಿಲು ಉರುಳಬಹುದಿತ್ತೆಂದು ಚಿಕ್ಕಪ್ಪನವರು ಅಸಮಾಧಾನ ಸೂಚಿಸುತ್ತಾರೆ. ಆಮೇಲೆ ಪಿಶಾಚಿ ಎಷ್ಟು ಸಲ ಹಾರಿಬಂದರೂ ಫಲವಿಲ್ಲ. ಸಭಾಂಗಣ ಮದುವೆಮನೆಯ ಕಳೆಯನ್ನು ಬಿಟ್ಟುಕೊಡುವುದಿಲ್ಲ.

ಚಿತ್ರ ಮುಗಿದ ಮೇಲೆ ಚೀಲದ ಬೀಗ ತೆಗೆಸಲು ಸರತಿ, ಅಲ್ಲಿಯೇ ಇನ್ನೊಂದು ಸೂಚನೆ. ಪ್ರತಿಕ್ರಿಯೆಯನ್ನು ಇಂದೇ ಪ್ರಕಟಿಸಬಹುದು, ವಿಮರ್ಶೆಯನ್ನು ಮಾತ್ರ ನಿಗದಿತ ದಿನದ ನಂತರವೇ ಪ್ರಕಟಿಸಬೇಕು. ಅಂದರೆ ಎದೆ ನಡುಗಿತು ಎನ್ನಬಹುದು, ಏಕೆ ನಡುಗಲಿಲ್ಲ ಎಂದು ವಿವರಿಸುವಂತಿಲ್ಲ. ನಮ್ಮ ಅಭಿಮಾನಿಗೆ ಇದರಿಂದ ತೊಂದರೆಯೇನಿಲ್ಲ. ಇಷ್ಟು ದೂರ ಬಂದವನು ಹೆದರದೆ ಹಿಂತಿರುಗಿದರೆ ಪ್ರಯಾಣದ ಖರ್ಚಿಗೆ ಅರ್ಥವಿರುವುದಿಲ್ಲವಾದ್ದರಿಂದ, ತನ್ನ ಜೀವಮಾನದಲ್ಲೇ ಇಂಥ ಭಯ ಕಂಡಿಲ್ಲವೆಂದು ಸರತಿಯಲ್ಲಿ ನಿಂತಲ್ಲೇ ಮನಸ್ಸಿನಲ್ಲಿ ಬರೆದು ಮುಗಿಸಿದ್ದಾನೆ.

ಹಜಾರದಲ್ಲಿ ಕ್ಯಾಮೆರಾ ಕಾಯುತ್ತಿದೆ. ಹೇಗಿತ್ತು, ಹೆದರಿದಿರಾ ಎಂದು ಕೇಳಿದಾಗ ಅವನು ಸಾಲು ಸಾಲಾಗಿ ಹೊಗಳುತ್ತಾನೆ. ಮಾತು ಬೇಡ, ಸುಮ್ಮನೆ ಕಿರುಚಿ ಎನ್ನುತ್ತಾರೆ. ಕಿರುಚುತ್ತಾನೆ. ಕಣ್ಣು ಇನ್ನಷ್ಟು ಅಗಲವಾಗಲಿ ಎನ್ನುತ್ತಾರೆ. ಮತ್ತೆ ಕಿರುಚುತ್ತಾನೆ. ಪ್ರಯಾಣದ ದಣಿವು ಮುಖದಲ್ಲಿ ಎದ್ದು ಕಾಣುತ್ತಿದೆ, ಭಯ ಕಾಣುತ್ತಿಲ್ಲವೆಂದು ಕ್ಯಾಮೆರಾದವನು ತಲೆಯಾಡಿಸಿದ ಮೇಲೆ ಅವನನ್ನು ಸೌಜನ್ಯದಿಂದ ಪಕ್ಕಕ್ಕೆ ಸರಿಸಿ ಮುಂದಿನವರನ್ನು ಕರೆಯುತ್ತಾರೆ. ಮುಂದಿನವರು ಸಿನಿಮಾ ನೋಡಿರಲಿಲ್ಲ, ಪಾಸ್ ಇದ್ದೂ ಆಸನ ಸಿಗದೆ ಅಷ್ಟು ಹೊತ್ತೂ ಹೊರಗೇ ಉಳಿದವರಲ್ಲಿ ಒಬ್ಬರು. ಅವರ ಕಿರುಚಾಟ ಮೊದಲ ಟೇಕಿನಲ್ಲೇ ಓಕೆ ಆಯಿತು.