ಓಟಿಪಿ ಅಪ್ಪ

ವಿಜಯಪುರದಲ್ಲಿ ಬಾಡಿಗೆ ಮನೆ ಹುಡುಕುವವನಿಗೆ ಮೊದಲು ಎದುರಾಗುವ ಪ್ರಶ್ನೆ ಅಡ್ವಾನ್ಸಿನದ್ದಲ್ಲ. "ಫ್ಯಾಮಿಲಿ ಐತೇನ್ರಿ?" ಅನ್ನೋದು. ಇದೆ ಅಂದರೆ ಮುಂದಿನ ಪ್ರಶ್ನೆ, "ಎಲ್ಲಿ ಅದಾರ್ರಿ?" ಮೈಸೂರಲ್ಲಿ ಅಂದಿರೋ, ಮುಗೀತು. ಮೈಸೂರಿನಲ್ಲಿರುವ ಫ್ಯಾಮಿಲಿ ಇಲ್ಲಿ ಲೆಕ್ಕಕ್ಕಿಲ್ಲ. ತಲೆಯಲ್ಲಿ ಕೂದಲು ಕಮ್ಮಿಯಾಗಿ, ಕನ್ನಡಕದ ನಂಬರ್ ಜಾಸ್ತಿಯಾಗಿ, ಒಂಬತ್ತನೇ ಕ್ಲಾಸಿನ ಮಗಳಿರುವ ಬ್ಯಾಂಕ್ ಮ್ಯಾನೇಜರ್ ಕೂಡ ಮನೆ ಮಾಲಕರ ಕಣ್ಣಿಗೆ ಬ್ಯಾಚುಲರ್ರೇ. "ಗೆಳ್ಯಾರು ಬರ್ತಾರೇನ್ರಿ? ರಾತ್ರಿ ಪಾರ್ಟಿ ಗೀರ್ಟಿ?" ಎಂದು ಒಬ್ಬರು ಕೇಳಿಯೇ ಬಿಟ್ಟರು. ನನ್ನ ಪಾರ್ಟಿ ಅಂದರೆ ರಾತ್ರಿ ಒಂಬತ್ತಕ್ಕೆ ಒಂದು ಬಿ.ಪಿ. ಮಾತ್ರೆ, ಒಂದು ಲೋಟ ಹಾಲು. ಹಾಗಂತ ಹೇಳಿದರೂ ನಂಬಲಿಲ್ಲ. ಒಂದು ಥರ ಖುಷಿಯೂ ಆಯ್ತು ಅನ್ನಿ.

ಕೊನೆಗೆ ಸ್ಟೇಷನ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಮನೆ ಸಿಕ್ಕಿತು. ಸಿಕ್ಕಿದ್ದು ನನ್ನ ಮುಖ ನೋಡಿ ಅಲ್ಲ. ಮಾಲಕರ ಮನೆಯ ಅಮ್ಮಾರು, "ನಿಮ್ಮ ಮನಿಯವ್ರಿಗೆ ಫೋನ್ ಹಚ್ಚರಿ, ನಾ ಮಾತಾಡ್ತೀನಿ" ಅಂದರು. ವಿಡಿಯೋ ಕಾಲ್ ಹಚ್ಚಿ ಕೊಟ್ಟೆ. ಫೋನು ಅವರ ಕೈಗೆ ಹೋಯಿತು, ಅವರು ಒಳಗೆ ಹೋದರು. ನಾನು ಗೇಟಿನಲ್ಲಿ ನಿಂತೆ. ಒಳಗಿನಿಂದ ಒಂದೆರಡು ಸಲ ನಗು ಕೇಳಿಸಿತು. ಯಾರ ವಿಷಯಕ್ಕೆ ನಕ್ಕರು ಅನ್ನೋದು ಇವತ್ತಿಗೂ ಗೊತ್ತಾಗಿಲ್ಲ. ಆಮೇಲೆ ಹೊರಗೆ ಬಂದು, "ನಿಮ್ಮ ಮನಿಯವ್ರು ಭಾಳ ಛಲೋ ಅದಾರ್ರಿ. ಕೀಲಿ ತಗೋರಿ" ಅಂದರು. ಮನೆ ಬಾಡಿಗೆಗೆ ಸಿಕ್ಕಿದ್ದು ಹೆಂಡತಿಗೆ. ನಾನು ಅದರಲ್ಲಿ ಇರುವವನು, ಅಷ್ಟೇ.

ಅವತ್ತಿನಿಂದ ಅವರಿಬ್ಬರ ನಡುವೆ ನೇರ ಸಂಪರ್ಕ. ಬೆಳಗ್ಗೆ ಹಾಲು ಉಕ್ಕಿದರೆ ವಾಸನೆ ಮೊದಲು ಮಾಲಕರಿರುವ ಮೇಲಿನ ಮನೆಗೆ ಹೋಗುತ್ತದೆ. ಅಲ್ಲಿಂದ ಮೈಸೂರಿಗೆ. ಮೈಸೂರಿನಿಂದ ನನಗೆ. "ರೀ, ಹಾಲು ಉಕ್ಕಿತಂತೆ, ಸ್ಟವ್ ಆರಿಸಿ." ಸ್ಟವ್ ಪಕ್ಕದಲ್ಲೇ ಪೇಪರ್ ಹಿಡಿದು ನಿಂತವನಿಗೆ ಸುದ್ದಿ ಬರೋದು ಎಲ್ಲರಿಗಿಂತ ಕೊನೆಗೆ.

ಕುಕ್ಕರ್ ವಿಷಯದಲ್ಲಿ ನನ್ನದೇನೂ ತಪ್ಪಿಲ್ಲ. ಅನ್ನಕ್ಕೆ ಮೂರು ವಿಷಲ್ ಎಂದು ಫೋನಿನಲ್ಲಿ ಹೇಳಿದ್ದರು. ಬಚ್ಚಲಲ್ಲಿ ಗಡ್ಡ ಕೆರೆದುಕೊಳ್ಳುತ್ತ ಲೆಕ್ಕ ಹಾಕಿದೆ. ಒಂದು. ಎರಡು. ಮೂರು. ಅರ್ಧ ಗಡ್ಡದಲ್ಲೇ ಓಡಿಬಂದು ಗ್ಯಾಸ್ ಆರಿಸಿದೆ. ಪೂಜೆ ಮುಗಿಸಿ ಮುಚ್ಚಳ ತೆಗೆದರೆ ಅಕ್ಕಿ ನೀರಿನ ತಳದಲ್ಲಿ ಆರಾಮಾಗಿ ಮಲಗಿದೆ. ಕೂಗಿದ್ದು ಮೇಲಿನ ಮನೆಯ ಕುಕ್ಕರ್. ಅಮ್ಮಾರು ಬ್ಯಾಳಿ ಬೇಯಿಸುವ ಹೊತ್ತೂ ನಾನು ಅನ್ನ ಇಡುವ ಹೊತ್ತೂ ಒಂದೇ ಆದರೆ ನಾನೇನು ಮಾಡಲಿ? ಮರುದಿನ ಗಡ್ಡ ಬಿಟ್ಟು ಕುಕ್ಕರ್ ಎದುರೇ ನಿಂತೆ. ಅದು ಸುತ್ತಲೂ ಹಬೆ ಬಿಟ್ಟಿತೇ ಹೊರತು ಬಾಯಿ ಬಿಡಲಿಲ್ಲ. ಮೈಸೂರಿಗೆ ಫೋನ್ ಮಾಡಿದರೆ ಮಗಳು ಕೇಳಿದ್ದು ಒಂದೇ ಮಾತು: "ಅಪ್ಪ, ಗ್ಯಾಸ್ಕೆಟ್ ಹಾಕಿದೀಯಾ?" ಗ್ಯಾಸ್ಕೆಟ್ ಪಾತ್ರೆ ಸ್ಟ್ಯಾಂಡಿನಲ್ಲಿ ಒಣಗುತ್ತಿತ್ತು.

ಇಂಥ ಸಂಕಟದಲ್ಲಿ ನನ್ನ ಕೈಹಿಡಿದದ್ದು ಖಡಕ್ ರೊಟ್ಟಿ. ಈ ಕಡೆಯ ಬಿಳಿಜೋಳದ ಹಿಟ್ಟು, ಬಿಸಿನೀರಿನಲ್ಲಿ ನಾದಿ, ಕೈಯಲ್ಲಿ ಬಡಿದು ಬಡಿದು ತೆಳ್ಳಗೆ ಮಾಡಿ, ಹಂಚಿನ ಮೇಲೆ ಬೇಯಿಸಿ, ಆಮೇಲೆ ಪಸೆಯೆಲ್ಲ ಹೋಗುವ ತನಕ ಒಣಗಿಸುತ್ತಾರೆ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡಲ್ಲ. ನಮ್ಮ ಗಲ್ಲಿಯ ತುದಿಯಲ್ಲೇ ಹೆಣ್ಣುಮಕ್ಕಳು ಸೇರಿ ನಡೆಸುವ ರೊಟ್ಟಿ ಅಂಗಡಿ ಇದೆ. ಒಂದು ಕಟ್ಟು ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ (ಹಿಂಡಿ ಅಂದರೆ ಚಟ್ನಿಪುಡಿ), ಪಕ್ಕದ ಡೇರಿಯಿಂದ ಗಟ್ಟಿ ಮೊಸರು, ಕಚ್ಚಿಕೊಳ್ಳಲು ಒಂದು ಉಳ್ಳಾಗಡ್ಡಿ. ಅಡುಗೆ ಅಂದರೆ ಪೊಟ್ಟಣ ಬಿಚ್ಚೋದು. ಮುದ್ದೆ ನುಂಗಿ ಬೆಳೆದ ಗಂಟಲು ಮೊದಮೊದಲು ತಕರಾರು ಮಾಡಿತು, ಆಮೇಲೆ ಬಾಯಿ ಮುಚ್ಚಿಕೊಂಡಿತು. ತೊಂದರೆ ಒಂದೇ, ಸದ್ದು. ವಿಡಿಯೋ ಕಾಲ್ ಮಾಡುತ್ತ ರೊಟ್ಟಿ ಮುರಿದರೆ ಆ ಕಡೆಯಿಂದ, "ಏನು ಬಿತ್ತು? ಏನು ಒಡೆದು ಹಾಕಿದ್ರಿ?" ಎಂಬ ಗಾಬರಿ.

ಬೇಸಿಗೆ ಬಗ್ಗೆ ಜಾಸ್ತಿ ಹೇಳಲ್ಲ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ನಳದಲ್ಲಿ ಬರುವ ನೀರಿಗೆ ಗೀಸರ್ ಬೇಕಿಲ್ಲ. ತಣ್ಣೀರು ಬೇಕಿದ್ದರೆ ಹಿಂದಿನ ರಾತ್ರಿಯೇ ಬಕೆಟ್ ತುಂಬಿಸಿ ಇಡಬೇಕು. ಒಗೆದು ಹಾಕಿದ ಅಂಗಿ ನಾನು ಚಹಾ ಕುಡಿದು ಮುಗಿಸೋದರೊಳಗೆ ರೊಟ್ಟಿಯ ಹಾಗೆ ಖಡಕ್ಕಾಗಿರುತ್ತದೆ.

ಅಪ್ಪನ ಕರ್ತವ್ಯ ನಡೆಯೋದು ರಾತ್ರಿ ಎಂಟರಿಂದ ಒಂಬತ್ತರವರೆಗೆ. ಫೋನನ್ನು ಹಿಂಡಿ ಡಬ್ಬಿಗೆ ಒರಗಿಸಿಟ್ಟು ಮಗಳಿಗೆ ಗಣಿತ ಹೇಳಿಕೊಡುತ್ತೇನೆ. ಲೆಕ್ಕ ಸುಲಭ ಇದ್ದಾಗ ನೆಟ್‌ವರ್ಕ್ ಚೆನ್ನಾಗಿರುತ್ತದೆ. "ಯೂನಿಟ್ ಟೆಸ್ಟ್ ಪೇಪರ್ ಕೊಟ್ಟರಾ? ಎಷ್ಟು ಬಂತು?" ಎಂದು ಕೇಳಿದ ತಕ್ಷಣ ಪರದೆ ನಿಂತುಬಿಡುತ್ತದೆ. ಮಗಳ ಬಾಯಿ ಅರ್ಧ ತೆರೆದಿದೆ, ಕಣ್ಣು ಒಂದು ಕಡೆ ನೆಟ್ಟಿದೆ, ಪೆನ್ನು ಗಾಳಿಯಲ್ಲಿದೆ. ನಾನು "ಹಲೋ, ಹಲೋ" ಅನ್ನುತ್ತ ಛಾವಣಿಗೆ ಹೋಗುತ್ತೇನೆ, ಕೆಳಗೆ ಬರುತ್ತೇನೆ, ಕಂಪನಿಯವರಿಗೆ ಬೈಯುತ್ತೇನೆ. ಬಹಳ ದಿನ ಹೀಗೇ ನಡೆಯಿತು. ಒಂದು ರಾತ್ರಿ ಹಾಗೇ ನಿಂತ ಪರದೆಯನ್ನು ನೋಡುತ್ತಿದ್ದೆ. ಮಗಳು ಅಲ್ಲಾಡುತ್ತಿಲ್ಲ. ಅವಳ ತಲೆಯ ಮೇಲೆ ಫ್ಯಾನ್ ಮಾತ್ರ ಗರಗರ ತಿರುಗುತ್ತಿದೆ! ನಾನೂ ಬಾಯಿ ತೆರೆದು, ಕೈಯೆತ್ತಿ ನಿಂತುಬಿಟ್ಟೆ. ನನ್ನ ಹಿಂದೆ ಕೂಲರ್ ತಿರುಗುತ್ತಿತ್ತು. ಇಬ್ಬರೂ ಎಷ್ಟು ಹೊತ್ತು ಹಾಗೆ ಕೂತಿದ್ದೆವೋ, ಹಿಂದಿನಿಂದ ಬಂದ ಇವಳು ಒಮ್ಮೆ ಮಗಳನ್ನು, ಒಮ್ಮೆ ಫೋನನ್ನು ನೋಡಿ, "ನಿಮ್ಮಿಬ್ಬರಿಗೂ ಏನಾಗಿದೆ?" ಅಂದಳು. ಮಾರ್ಕ್ಸ್ ಎಷ್ಟು ಅಂತ ಕೇಳಲು ಆಮೇಲೆ ಮನಸ್ಸಾಗಲಿಲ್ಲ.

ಬ್ಯಾಂಕಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಆ ಶುಕ್ರವಾರಗಳ ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ನಾನಿರುತ್ತೇನೆ. ಪಂಢರಪುರದಿಂದ ಬರುವ ಈ ರೈಲು ಬಾಗಲಕೋಟೆ, ಗದಗ, ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ಎಲ್ಲ ಮಾತಾಡಿಸಿಕೊಂಡು ಮರುದಿನ ಮೈಸೂರು ಮುಟ್ಟುತ್ತದೆ. ಕೈಯಲ್ಲಿ ರೊಟ್ಟಿ ಕಟ್ಟು, ಶೇಂಗಾ ಹೋಳಿಗೆ, ಒಂದು ಕಿಲೋ ಒಣದ್ರಾಕ್ಷಿ. ರೊಟ್ಟಿ ಕಟ್ಟನ್ನು ಎಲ್ಲಿಟ್ಟರೂ ಅದರ ಮೇಲೆ ಕೂರಲು ಯಾರಾದರೂ ಒಬ್ಬರು ಹುಬ್ಬಳ್ಳಿಯಲ್ಲಿ ಹತ್ತುತ್ತಾರೆ. ನನ್ನ ಮನೆಯವರು ಇದುವರೆಗೆ ಒಂದು ಇಡೀ ರೊಟ್ಟಿಯನ್ನು ಕಂಡಿಲ್ಲ. ಅದು ಪುಡಿಯಾಗಿಯೇ ತಯಾರಾಗುವ ತಿಂಡಿ ಅಂದುಕೊಂಡು ಒಗ್ಗರಣೆ ಹಾಕಿ ತಿನ್ನುತ್ತಾರೆ.

ಮನೆಯಲ್ಲಿ ನನಗೆ ಅತಿಥಿ ಸತ್ಕಾರ. ಸಕ್ಕರೆ ಡಬ್ಬಿ ಜಾಗ ಬದಲಾಗಿದೆ. ನನ್ನ ಕಪಾಟಿನಲ್ಲಿ ಮಗಳ ಹಳೇ ನೋಟ್‌ಬುಕ್ಕುಗಳಿವೆ. ಹಾಲಿನ ಲೈಟ್ ಅಂತ ಒತ್ತಿದರೆ ಹೊರಗಿನ ಬಲ್ಬ್ ಹತ್ತುತ್ತದೆ, ಯಾವಾಗಲೋ ಎಲೆಕ್ಟ್ರಿಷಿಯನ್ ಬಂದು ಹೋಗಿದ್ದಾನೆ. ಅಡುಗೆಮನೆಗೆ ಕಾಲಿಟ್ಟರೆ, "ನೀವು ಕೂತ್ಕೊಳ್ಳಿ, ನಿಮಗೆ ಗೊತ್ತಾಗಲ್ಲ." ಮಗಳು ಬಂದು ಬಹಳ ಮರ್ಯಾದೆಯಿಂದ, "ಅಪ್ಪ, ಟವೆಲ್ ಬೇಕಾ?" ಎಂದು ಕೇಳುತ್ತಾಳೆ. ಎದುರು ಮನೆಯ ರಾಯರಂತೂ ಒಂದೇ ಉಸಿರಿಗೆ, "ಯಾವಾಗ ಬಂದ್ರಿ, ಯಾವಾಗ ಹೊರಡ್ತೀರಿ?" ಅನ್ನುತ್ತಾರೆ. ಭಾನುವಾರ ಊಟ ಮಾಡಿ ರೈಲು ಹತ್ತಿದರೆ ಸೋಮವಾರ ಬೆಳಗ್ಗೆ ಇಳಿದು ನೇರ ಬ್ರಾಂಚು.

ಇಷ್ಟೆಲ್ಲ ಆದ ಮೇಲೂ ನಾನಿಲ್ಲದೆ ಆ ಮನೆ ನಡೆಯೋದಿಲ್ಲ. ಯಾಕೆ ಅಂದರೆ ಗ್ಯಾಸು, ಕರೆಂಟು, ಶಾಲೆಯ ಫೀಸು, ಆನ್‌ಲೈನ್ ಚಪ್ಪಲಿ, ಎಲ್ಲದಕ್ಕೂ ಕೊಟ್ಟಿರೋದು ನನ್ನ ಮೊಬೈಲ್ ನಂಬರ್. ಹಗಲು ಹೊತ್ತು ಮನೆಯಿಂದ ಫೋನ್ ಬಂತು ಅಂದರೆ ಹಲೋ ಇಲ್ಲ, ಹೇಗಿದ್ದೀರಿ ಇಲ್ಲ. "ರೀ, ಓಟಿಪಿ." ಊಟ ಆಯ್ತಾ ಅಂತ ಕೇಳೋದು ನಂಬರ್ ಸಿಕ್ಕ ಮೇಲೆ, ಸಮಯ ಉಳಿದಿದ್ದರೆ. ಮಗಳ ಫೋನಿನಲ್ಲಿ ನನ್ನ ಹೆಸರು 'ಓಟಿಪಿ ಅಪ್ಪ' ಅಂತಿದೆ.

ಇದೇ ಓಟಿಪಿ ಗೋಲಗುಂಬಜ್‌ನಲ್ಲಿ ನನ್ನ ಮಾನ ಕಳೆದದ್ದು. ದೊಡ್ಡ ಆಫೀಸಿನಿಂದ ಇನ್‌ಸ್ಪೆಕ್ಷನ್‌ಗೆ ಇಬ್ಬರು ಸಾಹೇಬರು ಬಂದಿದ್ದರು. ಗುಮ್ಮಟ ನೋಡಬೇಕು ಅಂದರು. ಗೊತ್ತಿದ್ದವರು ಅಲ್ಲಿಗೆ ಹೋಗೋದು ಬೆಳಗ್ಗೆ ಬಾಗಿಲು ತೆಗೆದ ಕೂಡಲೇ, ಶಾಲೆ ಟ್ರಿಪ್ಪಿನ ಬಸ್ಸುಗಳು ಬರುವ ಮುಂಚೆ. ಸಾಹೇಬರು ನಾಷ್ಟಾ ಮುಗಿಸಿ ಹೊರಡುವಷ್ಟರಲ್ಲಿ ಬಸ್ಸುಗಳು ಬಂದಿದ್ದವು. ಮೂಲೆಯ ಗೋಪುರದೊಳಗಿನ ಇಕ್ಕಟ್ಟು ಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತಿದೆವು. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ: ಮೊಹಮ್ಮದ್ ಆದಿಲ್ ಶಾನ ಸಮಾಧಿ, ಕಟ್ಟಿದ್ದು ಹದಿನೇಳನೇ ಶತಮಾನದಲ್ಲಿ, ಗುಮ್ಮಟದ ಹೊರಗಿನ ಅಡ್ಡಳತೆ ಸುಮಾರು 44 ಮೀಟರ್, ಒಳಗೆ ಆಸರೆಗೆ ಒಂದು ಕಂಬವೂ ಇಲ್ಲ. ಮೊಣಕಾಲಿಗೆ ವಿಶ್ರಾಂತಿ ಬೇಕಾದಾಗಲೆಲ್ಲ ಇತಿಹಾಸ ಹೇಳಿದೆ.

ಒಳಗಿನ ಸುತ್ತುಗಟ್ಟೆಗೆ ಪಿಸುಗುಟ್ಟುವ ಗ್ಯಾಲರಿ ಅನ್ನುತ್ತಾರಲ್ಲ, ಅಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಗೋಡೆಗೆ ಕಿವಿ ಕೊಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಶಬ್ದ ಗುಮ್ಮಟದ ದುಂಡನೆಯ ಗೋಡೆಗುಂಟ ಜಾರಿಕೊಂಡು ಹೋಗುತ್ತದೆ. ಜೋರಾಗಿ ಕೂಗಿದರೆ ಏಳು ಸಲ ಮರುದನಿ ಅಂತ ಗೈಡುಗಳು ಹೇಳುತ್ತಾರೆ. ನಾವು ಹೋದಾಗ ಐವತ್ತು ಮಕ್ಕಳು ಒಟ್ಟಿಗೆ ಕೂಗುತ್ತಿದ್ದವು. ಏಳರಿಂದ ನೀವೇ ಗುಣಿಸಿಕೊಳ್ಳಿ.

ಆಗ ಫೋನ್ ಬಂತು. "ರೀ, ಸಿಲಿಂಡರ್ ಹುಡುಗ ಗೇಟಲ್ಲಿ ನಿಂತಿದ್ದಾನೆ. ನಂಬರ್."

ಮೆಸೇಜ್ ತೆಗೆದು ಹೇಳಿದೆ. "ಕೇಳಿಸ್ತಿಲ್ಲ, ಜೋರಾಗಿ ಹೇಳಿ!" ಅಂದಳು. ಗೋಡೆಯ ಕಡೆ ತಿರುಗಿ, ಕೈ ಅಡ್ಡ ಹಿಡಿದು, ಇದ್ದಬದ್ದ ದನಿಯಲ್ಲಿ ಕೂಗಿದೆ: "ನಾಲ್ಕು! ಏಳು! ಒಂದು! ಒಂಬತ್ತು!" ಸರಿಯಾಗಿ ಅದೇ ಹೊತ್ತಿಗೆ ಮೇಷ್ಟ್ರು ಮಕ್ಕಳನ್ನು ಗದರಿಸಿ ಸುಮ್ಮನಾಗಿಸಿದ್ದರು. ಇಡೀ ಗುಮ್ಮಟ ನಾಲ್ಕು ನಾಲ್ಕು ನಾಲ್ಕು, ಏಳು ಏಳು ಏಳು ಅನ್ನತೊಡಗಿತು. ಮಕ್ಕಳಿಗೆ ಇನ್ನೇನು ಬೇಕು? ಅವೂ ಶುರುಮಾಡಿದವು. ಆ ಕಡೆಯಿಂದ ಇವಳು, "ನಿಧಾನಕ್ಕೆ ಹೇಳಿ, ಎಷ್ಟು ನಾಲ್ಕು? ಅದು ನಾಲ್ಕೇ ನಂಬರ್ ಇರೋದಲ್ವಾ?"

ಗದ್ದಲ ಇಳಿಯಿತು. ಸಾಹೇಬರು ಗೋಡೆಗೆ ಕಿವಿ ಹಚ್ಚಿ ಪರೀಕ್ಷೆ ಮಾಡುತ್ತಿದ್ದರು. ನಾನೂ ಪಕ್ಕದಲ್ಲಿ ನಿಂತೆ. ಗೋಡೆಯೊಳಗಿನಿಂದ ಒಂದು ದನಿ ಮೆಲ್ಲಗೆ ಬಂತು: "ಮ್ಯಾನೇಜರ್ ಸಾಹೇಬ್ರ, ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ನೀವ ಅಂದಿದ್ರಲ್ರೀ?" ತಲೆಯೆತ್ತಿ ನೋಡಿದರೆ, ಎದುರು ಬದಿಯಲ್ಲಿ ಧೋತರ, ಪಟಕಾ ಸುತ್ತಿದ ನಮ್ಮದೇ ಬ್ರಾಂಚಿನ ಹಿರಿಯ ಗ್ರಾಹಕರು. ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಕೆಲವೇ ದಿನಗಳ ಹಿಂದೆ ಅವರನ್ನು ಎದುರಿಗೆ ಕೂರಿಸಿಕೊಂಡು ಈ ವಿಷಯ ತಿಳಿಸಿ ಹೇಳಿದ್ದು ನಾನೇ. "ಇದು ಬ್ಯಾಂಕಿನದ್ದಲ್ಲ ಕಾಕಾ, ಗ್ಯಾಸಿನದ್ದು!" ಅಂದೆ. ಪಿಸುಗುಟ್ಟಬೇಕಿತ್ತು, ಅಭ್ಯಾಸಬಲ, ಕೂಗಿದೆ. ಗ್ಯಾಸಿನದ್ದು ಗ್ಯಾಸಿನದ್ದು ಗ್ಯಾಸಿನದ್ದು ಅಂದಿತು ಗುಮ್ಮಟ. ಇನ್‌ಸ್ಪೆಕ್ಷನ್ ವರದಿಯಲ್ಲಿ ಅವರು ಇದನ್ನು ಬರೆಯಲಿಲ್ಲ. ದೊಡ್ಡ ಮನುಷ್ಯರು.

ಗ್ಯಾಸನ್ನು ಇವಳ ನಂಬರಿಗೆ ಹಾಕಿಸಿಬಿಡೋಣ ಎಂದು ಆಮೇಲೆ ತೀರ್ಮಾನವಾಯಿತು. ಒಂದು ಸೋಮವಾರ ಇವಳೇ ಮೊಬೈಲಿನಲ್ಲಿ ಅರ್ಜಿ ಹಾಕಿದಳು. ಅದನ್ನು ಖಾತ್ರಿ ಮಾಡಿಕೊಳ್ಳಲು ಹಳೇ ನಂಬರಿಗೆ ಒಂದು ಓಟಿಪಿ ಹೋಗುತ್ತದಂತೆ. ನಾನು ಆಗ ಸ್ಟ್ರಾಂಗ್ ರೂಮಿನಲ್ಲಿದ್ದೆ. ಅದರ ಬಾಗಿಲಿಗೆ ಎರಡು ಕೀಲಿ, ಇಬ್ಬರ ಹತ್ತಿರ ಒಂದೊಂದು. ಗೋಡೆ ಎಷ್ಟು ದಪ್ಪ ಅಂದರೆ ಸಿಗ್ನಲ್ ಒಳಗೆ ಬರಲ್ಲ. ಕ್ಯಾಷ್ ಎಣಿಸಿಟ್ಟು ಹೊರಗೆ ಬಂದೆ. ಮಾಲಕರು ಬ್ರಾಂಚಿನ ನಟ್ಟನಡುವೆ, 'ಓಟಿಪಿ ಯಾರೊಂದಿಗೂ ಹಂಚಿಕೊಳ್ಳಬೇಡಿ' ಎಂಬ ಪೋಸ್ಟರಿನ ಕೆಳಗೆ, ಸ್ಕೂಟರ್ ಕೀಲಿ ತಿರುಗಿಸುತ್ತ ನಿಂತಿದ್ದರು. ಇವಳು ಅಮ್ಮಾರಿಗೆ ಹೇಳಿದ್ದಾಳೆ, ಅಮ್ಮಾರು ಇವರನ್ನು ಓಡಿಸಿದ್ದಾರೆ.

"ಸರ, ಮೈಸೂರಾಗ ಓಟಿಪಿ ಕೇಳಾಕತ್ತಾರ್ರಿ," ಅಂದರು, ಇಡೀ ಕ್ಯೂ ತಿರುಗಿ ನೋಡುವ ಹಾಗೆ.

ಫೋನ್ ನೋಡಿದೆ. ಹತ್ತು ನಿಮಿಷದ ಗಡುವು ಯಾವಾಗಲೋ ಮೀರಿತ್ತು. ಹಾಗೆಂದೆ.

"ಚಿಂತಿ ಇಲ್ರಿ," ಎಂದು ಮಾಲಕರು ಕುರ್ಚಿ ಎಳೆದುಕೊಂಡರು. "ಇನ್ನೊಂದು ಕಳಸ್ತಾರಂತ. ನಾ ಇಲ್ಲೇ ಕುಂತಿರ್ತೀನಿ. ಚಾ ಹೇಳ್ರಿ."